ಸಂಪಾಜೆ ಘಾಟಿ ಹತ್ತಿದ ಹಳೆಯ ಕಾರು

ಮಂಗಳೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಯನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಬಿ.ಸಿ. ರೋಡ್ ದಾಟಿ ಮಾಣಿಯಲ್ಲಿ ಬಲಕ್ಕೆ ತಿರುಗಿದರೆ ಪುತ್ತೂರು, ಅಲ್ಲಿಂದ ಸುಳ್ಯ, ಸಂಪಾಜೆ, ಮತ್ತೆ ಘಾಟಿ. ಈಗ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 275 ಎಂಬ ಸಂಖ್ಯೆ ಇದ್ದರೂ ನಮ್ಮ ಕಡೆ ಎಲ್ಲರ ಬಾಯಲ್ಲಿ ಅದು ಮಾಣಿ-ಮೈಸೂರು ರಸ್ತೆ. ಈ ರಸ್ತೆಯಲ್ಲಿ ಒಂದು ಹಳೆಯ ಮಾರುತಿ 800 ಕಾರಿನಲ್ಲಿ, ಎಪ್ಪತ್ತಾರು ವರ್ಷದ ಉಮ್ಮನನ್ನು ಕೂರಿಸಿಕೊಂಡು ಘಾಟಿ ಹತ್ತಿ ಬಂದ ಕತೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಊರಿನ ವರ್ಣನೆಗಿಂತ ಕಾರಿನ ಅಡಿಯ ರಬ್ಬರಿನ ವರ್ಣನೆಯೇ ಹೆಚ್ಚಾದರೆ ಬೇಸರಿಸಬೇಡಿ. ನಿಮ್ಮ ಅಂಗಳದಲ್ಲೂ ಒಂದು ಹಳೆಯ ಕಾರು ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ನಮ್ಮ ಕಾರು 2004ರ ಮಾಡೆಲ್. ನನ್ನ ಯಜಮಾನರು ದಮ್ಮಾಮಿನಿಂದ ಒಮ್ಮೆ ರಜೆಯಲ್ಲಿ ಬಂದಾಗ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅವರು ವರ್ಷಕ್ಕೊಮ್ಮೆ ಬಂದು ಹೋಗುವವರಾದ್ದರಿಂದ ಚಾಲನೆ ಕಲಿತದ್ದು ನಾನು. ಶಾಲೆಗೆ, ಆಸ್ಪತ್ರೆಗೆ, ಮದುವೆ ಮನೆಗೆ, ಅಂಗಡಿಗೆ ಎಲ್ಲದಕ್ಕೂ ಅದೇ. ಹದಿನೈದು ವರ್ಷವಾದಾಗ ಒಮ್ಮೆ, ಇಪ್ಪತ್ತಾದಾಗ ಇನ್ನೊಮ್ಮೆ ಅದರ ನೋಂದಣಿಯನ್ನು ನವೀಕರಿಸಿಕೊಂಡು ಬಂದಿದ್ದೇವೆ. ಈ ಮಾಡೆಲ್ ನಮ್ಮ ದೇಶದ ರಸ್ತೆಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. 2014ರ ಜನವರಿಯಲ್ಲಿ ಅದರ ತಯಾರಿ ನಿಂತಿತು. ಹಾಗೆಂದು ಅದು ನಮ್ಮ ಊರಿನ ರಸ್ತೆಗಳಿಂದ ಮಾಯವಾಗಿಲ್ಲ. ಶುಕ್ರವಾರ ಮಧ್ಯಾಹ್ನ ಯಾವುದಾದರೂ ಮಸೀದಿಯ ಮುಂದೆ ನಿಂತು ನೋಡಿ, ಎರಡು ಮೂರಾದರೂ ಕಣ್ಣಿಗೆ ಬೀಳುತ್ತವೆ.

ನನ್ನ ಅಕ್ಕನ ಮನೆ ಮದೆನಾಡಿನಿಂದ ಒಳಗೆ, ಗುಡ್ಡದ ಇಳಿಜಾರಿನಲ್ಲಿದೆ. ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ, ನಾಲ್ಕಾರು ಕಿತ್ತಳೆ ಮರ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಅವಳ ಮನೆ ಉಳಿಯಿತು. ಮನೆಯ ಕೆಳಗಿನ ಅರ್ಧ ತೋಟ ಉಳಿಯಲಿಲ್ಲ. ಆ ಬಳಿಕ ಉಮ್ಮ ಅಲ್ಲಿಗೆ ಹೋಗಿರಲಿಲ್ಲ. ಅಕ್ಕ ಬಂದು ಹೋಗುತ್ತಿದ್ದಳು. ಕಳೆದ ವರ್ಷದಿಂದ ಅಕ್ಕನಿಗೆ ಏದುಸಿರು, ಹೃದಯದ ತೊಂದರೆ. ವೈದ್ಯರು ಪ್ರಯಾಣ ಬೇಡವೆಂದರು. ಹಾಗಾಗಿ ಉಮ್ಮನೇ ಹೋಗಬೇಕಾಯಿತು. ಉಮ್ಮನ ಎರಡೂ ಮೊಣಕಾಲುಗಳು ಸವೆದಿವೆ. ಬಸ್ಸಿನ ಮೆಟ್ಟಿಲು ಹತ್ತಲು ಅವರಿಂದ ಆಗದು. ಬಾಡಿಗೆ ಕಾರಿನಲ್ಲಿ ಗೊತ್ತಿಲ್ಲದ ಚಾಲಕನೊಂದಿಗೆ ಘಾಟಿ ಹತ್ತಲು ಒಪ್ಪುವುದಿಲ್ಲ. “ನೀನು ಬಿಡುವುದಾದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ” ಎಂದು ಒಂದೇ ಮಾತು.

ಹೊರಡಲು ಮೂರು ವಾರಗಳಿರುವಾಗ ಕಾರಿನ ಮುಂಭಾಗದಿಂದ ಸದ್ದು ಶುರುವಾಯಿತು. ಸದ್ದೆಂದರೆ ದೊಡ್ಡದೇನಲ್ಲ. ಶಾಲೆಯ ಮುಂದಿನ ಹಂಪ್ ದಾಟುವಾಗ ಎಡಗಡೆ ಕಾಲಿನ ಬಳಿ ‘ಟೊಕ್’ ಎಂದು ಒಂದು ಪೆಟ್ಟು. ವೇಗವಾಗಿ ಹೋದರೆ ಕೇಳಿಸುವುದಿಲ್ಲ, ನಿಧಾನವಾಗಿ ಸಣ್ಣ ಗುಂಡಿಗಿಳಿದರೆ ಕೇಳಿಸುತ್ತದೆ. ಎರಡು ದಿನ ಬಿಟ್ಟು ಗಮನಿಸಿದೆ, ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಒಂದಿಷ್ಟು ಎಡಕ್ಕೆ ಎಳೆಯುತ್ತಿತ್ತು. ಎಡ ಮುಂದಿನ ಟಯರಿನ ಒಳ ಅಂಚಿಗೆ ಕೈಯಿಟ್ಟು ಸವರಿದೆ. ಹೊರ ಅಂಚಿನಲ್ಲಿ ಗೀರು ಇದೆ, ಒಳ ಅಂಚು ನುಣುಪಾಗಿದೆ. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳ ಚಟ ಅದು, ಎಲ್ಲವನ್ನೂ ಬರೆದಿಡುವುದು.

ಮೊದಲು ಹೋದ ಗ್ಯಾರೇಜಿನ ಹೆಸರು ಬೇಡ. ಅಲ್ಲಿಯ ಹುಡುಗ ಚೀಟಿಯನ್ನು ಓದಲೇ ಇಲ್ಲ. “ಮನೆಯಲ್ಲಿ ಗಂಡಸರು ಯಾರಿದ್ದಾರೆ? ಅವರನ್ನು ಕಳಿಸಿ, ಹೇಳುತ್ತೇವೆ” ಎಂದ. ಗಂಡಸರು ಸಮುದ್ರದಾಚೆ ಇದ್ದಾರೆ, ಕಾರು ಬಿಡುವವಳು ನಾನು, ನನಗೇ ಹೇಳಿ ಎಂದೆ. ಆಗ ಅವನು ಬಾನೆಟ್ ತೆರೆದು ನೋಡಿ, ಶಾಕ್ ಅಬ್ಸಾರ್ಬರ್ ಎರಡೂ ಹೋಗಿದೆ, ಸ್ಟೇರಿಂಗ್ ಬಾಕ್ಸ್ ಹೋಗಿದೆ, ಇಷ್ಟು ಹಣ ಸುರಿಯುವ ಬದಲು ಗುಜರಿಗೆ ಕೊಡಿ ಎಂದ. ಕಾರಿನ ಅಡಿಗೆ ಅವನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಬಾನೆಟ್ ತೆರೆದರೆ ಎಂಜಿನ್ ಕಾಣುತ್ತದೆ, ಟೊಕ್ ಎನ್ನುವ ಜಾಗ ಅಲ್ಲಿ ಕಾಣುವುದಿಲ್ಲ. ಸಹೋದರಿಯರೇ, ನೀವು ಒಬ್ಬರೇ ಕಾರು ಒಯ್ದಾಗ ಇಂಥದ್ದು ಆಗಿದ್ದರೆ ನೀವು ಒಬ್ಬಂಟಿ ಅಲ್ಲ. ಕಾರನ್ನು ಮೇಲೆತ್ತಿ, ಚಕ್ರ ಅಲುಗಾಡಿಸಿ, ಅಡಿಗೆ ಬಗ್ಗಿ ನೋಡದೆ ಸಸ್ಪೆನ್ಷನ್ ಬಗ್ಗೆ ತೀರ್ಪು ಕೊಡುವವನ ಮಾತನ್ನು ನಂಬಬೇಕಾಗಿಲ್ಲ. ಕೀಲಿಕೈ ತೆಗೆದುಕೊಂಡು ಹೊರಟು ಬನ್ನಿ. ನಾನು ಹಾಗೆ ಬಂದೆ.

ಪುತ್ತೂರಿನಿಂದ ಸುಳ್ಯದ ಕಡೆ ಹೋಗುವ ದಾರಿಯಲ್ಲಿ, ಒಂದು ಹಲಸಿನ ಮರದ ಕೆಳಗೆ, ತಗಡಿನ ಮಾಡಿನ ಒಂದು ಗ್ಯಾರೇಜಿದೆ. ಅದನ್ನು ನಡೆಸುವ ಮೇಸ್ತ್ರಿಗೆ ಅರುವತ್ತು ದಾಟಿದೆ. ಅವರು ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು. ಬಳಿಕ ನನ್ನನ್ನೇ ಕಾರಿನಲ್ಲಿ ಕೂರಲು ಹೇಳಿ, ಒಂದು ಅಡಿ ಮುಂದೆ, ಒಂದು ಅಡಿ ಹಿಂದೆ ಬಿಟ್ಟು ಥಟ್ಟನೆ ಬ್ರೇಕ್ ಒತ್ತುವಂತೆ ಹೇಳಿದರು. ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಚಕ್ರವನ್ನೇ ನೋಡುತ್ತಿದ್ದರು. ಪ್ರತಿ ಸಲ ಬ್ರೇಕ್ ಒತ್ತಿದಾಗ ಚಕ್ರ ತಾನಿದ್ದ ಜಾಗದಿಂದ ಸ್ವಲ್ಪ ಹಿಂದೆ ಸರಿದು ಮತ್ತೆ ಮುಂದೆ ಬರುತ್ತಿತ್ತಂತೆ. ಬಳಿಕ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಕಬ್ಬಿಣದ ಹಾರೆಯೊಂದನ್ನು ತೂರಿಸಿ ಮೀಟಿದರು. “ಇಳಿದು ಬಂದು ನೋಡಿ ಟೀಚರ್” ಎಂದರು. ಟಾರ್ಚ್ ಬೆಳಕಿನಲ್ಲಿ ನೋಡಿದೆ. ಒಂದು ಕಬ್ಬಿಣದ ತೋಳು, ಅದರ ತುದಿಯಲ್ಲಿ ಒಂದು ಬಳೆ, ಬಳೆಯೊಳಗೆ ರಬ್ಬರು, ರಬ್ಬರಿನೊಳಗೆ ಬೋಲ್ಟು. ರಬ್ಬರು ಬೇಸಿಗೆಯ ಗದ್ದೆಯಂತೆ ಬಿರುಕು ಬಿಟ್ಟಿತ್ತು. ಹಾರೆ ಮೀಟಿದಾಗ ಬೋಲ್ಟು ರಬ್ಬರಿನಿಂದ ಬೇರೆಯಾಗಿ ಬಳೆಗೆ ಬಡಿಯುತ್ತಿತ್ತು. ಅದೇ ಟೊಕ್.

ಇದಕ್ಕೆ ಬುಷ್ ಎನ್ನುತ್ತಾರೆ. ಇದರ ಕೆಲಸ ಏನೆಂದು ಹೇಳುತ್ತೇನೆ, ಏಕೆಂದರೆ ಕಾರು ಓಡಿಸುವ ನಮ್ಮಲ್ಲಿ ಅನೇಕರಿಗೆ ಇದರ ಹೆಸರೂ ಗೊತ್ತಿರುವುದಿಲ್ಲ. ಮುಂದಿನ ಚಕ್ರವನ್ನು ಕಾರಿನ ದೇಹಕ್ಕೆ ಕಟ್ಟಿ ಹಿಡಿಯುವುದು ಅಡಿಯಲ್ಲಿರುವ ಒಂದು ತೋಳು. ಮೇಸ್ತ್ರಿಗಳು ಅದನ್ನು ಲೋವರ್ ಆರ್ಮ್ ಎನ್ನುತ್ತಾರೆ. ಮಾರುತಿ 800ರಲ್ಲಿ ಈ ತೋಳು ದೇಹಕ್ಕೆ ಒಂದೇ ಕಡೆ ಸೇರುತ್ತದೆ. ಅದು ಹಿಂದೆ ಮುಂದೆ ಹೋಗದಂತೆ ತಡೆಯುವುದು ಸ್ಟೆಬಿಲೈಸರ್ ಬಾರ್ ಎಂಬ ಬಾಗಿದ ಉದ್ದನೆಯ ಕಬ್ಬಿಣದ ಸರಳು. ಸರಳಿನ ತುದಿ ತೋಳಿನೊಳಗೆ ತೂರಿಕೊಂಡಿದೆ, ಅಲ್ಲೂ ರಬ್ಬರು. ಸರಳನ್ನು ಕಾರಿನ ದೇಹಕ್ಕೆ ಹಿಡಿಸಿದ ಎರಡು ಕಡೆಯೂ ರಬ್ಬರು. ಚಕ್ರ ಗುಂಡಿಗೆ ಇಳಿದಾಗ ತೋಳು ಮೇಲೆ ಕೆಳಗೆ ಆಡಬೇಕು. ಕಬ್ಬಿಣ ಕಬ್ಬಿಣಕ್ಕೆ ನೇರವಾಗಿ ತಾಗಿದರೆ ಸದ್ದು, ಸವೆತ, ಅದುರು ಎಲ್ಲ ಒಳಗೆ ಬರುತ್ತದೆ. ಆದ್ದರಿಂದ ನಡುವೆ ರಬ್ಬರನ್ನು ಇಡುತ್ತಾರೆ. ತೋಳಿನ ಬುಡದ ಬುಷ್ ಬಾಗಿಲಿನ ತಿರುಗಣೆಯಂತೆ ಜಾರುವುದಿಲ್ಲ, ಅದಕ್ಕೆ ಗ್ರೀಸೂ ಬೇಡ. ಒಳಗಿನ ಕೊಳವೆಯನ್ನು ಬೋಲ್ಟು ಬಿಗಿಯಾಗಿ ಹಿಡಿದಿರುತ್ತದೆ, ಹೊರಗಿನ ಬಳೆ ತೋಳಿನೊಂದಿಗೆ ಆಡುತ್ತದೆ, ನಡುವಿನ ರಬ್ಬರು ಮಾತ್ರ ತಿರುಚಿಕೊಂಡು ಮತ್ತೆ ಸರಿಯಾಗುತ್ತದೆ. ದಿನಕ್ಕೆ ಸಾವಿರಾರು ಸಲ, ಇಪ್ಪತ್ತು ವರ್ಷ.

ನನ್ನ ಜೊತೆ ಬಂದಿದ್ದ ಉಮ್ಮ ಹಲಸಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದರು. “ನನ್ನ ಮೊಣಕಾಲಿನ ಡಾಕ್ಟರು ಹೇಳಿದ್ದೂ ಇದನ್ನೇ. ನಡುವಿನ ಮೆತ್ತೆ ಸವೆದಿದೆ ಎಂದರು” ಎಂದು ಮೇಸ್ತ್ರಿಯನ್ನು ಕೇಳಿದರು, “ನಿಮ್ಮ ಹತ್ತಿರ ಅದರ ಬುಷ್ ಇದೆಯಾ?” ಮೇಸ್ತ್ರಿ ನಕ್ಕು, “ನಿಮ್ಮದು ಒರಿಜಿನಲ್ ಕಂಪೆನಿ ಫಿಟ್ಟಿಂಗ್ ಉಮ್ಮ, ನನ್ನ ಕೈಯಿಂದಾಗದು” ಎಂದರು.

ಬುಷ್‌ಗೆ ಬಳಸುವ ರಬ್ಬರಿನ ವಿಚಾರ ಬಂದದ್ದರಿಂದ ಈ ಊರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಪುತ್ತೂರು ಎಂದರೆ ಹೊರಗಿನವರಿಗೆ ನೆನಪಾಗುವುದು ಶಿವರಾಮ ಕಾರಂತರ ಬಾಲವನ, ಇಲ್ಲವೇ ಕ್ಯಾಂಪ್ಕೊ ಚಾಕಲೇಟು. ಅಲ್ಲಿಂದ ಕುಂಬ್ರ, ಕಾವು, ಜಾಲ್ಸೂರು ದಾಟಿ ಸುಳ್ಯದ ಕಡೆ ಬಂದಂತೆ ಅಡಿಕೆಯ ನಡುನಡುವೆ ಸಾಲು ಸಾಲಾಗಿ ನಿಂತ ತೆಳ್ಳನೆಯ ಬೂದು ಮರಗಳು ಕಾಣತೊಡಗುತ್ತವೆ. ಪ್ರತಿ ಮರದ ಎದೆಮಟ್ಟದಲ್ಲಿ ಓರೆಯಾದ ಗೀರು, ಅದರ ಕೆಳಗೆ ಕಟ್ಟಿದ ತೆಂಗಿನ ಚಿಪ್ಪು ಅಥವಾ ಪ್ಲಾಸ್ಟಿಕ್ ಬಟ್ಟಲು. ಮಳೆಗಾಲದಲ್ಲಿ ಗೀರಿನ ಮೇಲೆ ಪ್ಲಾಸ್ಟಿಕ್ ಲಂಗ ಉಟ್ಟಂತೆ ಮುಚ್ಚಿಗೆ. ಇದೇ ರಬ್ಬರು. ಬ್ರೆಜಿಲಿನ ಕಾಡಿನ ಮರ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷ್ ವ್ಯಕ್ತಿ ಅದರ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಗಿಡಗಳು ಸಿಲೋನಿಗೂ ಮಲಯಕ್ಕೂ ಹೋದವು.

ಸಿಲೋನಿಗೂ ಸುಳ್ಯಕ್ಕೂ ಇನ್ನೊಂದು ನಂಟಿದೆ, ಅದು ಮನುಷ್ಯರದು. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ಚಹಾ ತೋಟಗಳಿಗೆ ಹೋಗಿದ್ದ ಕೂಲಿಗಳನ್ನು ಸ್ವಾತಂತ್ರ್ಯದ ನಂತರ ಆ ದೇಶ ತನ್ನವರೆಂದು ಒಪ್ಪಲಿಲ್ಲ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಆ ಪ್ರಕಾರ ಲಕ್ಷಾಂತರ ಮಂದಿ ತಾವು ಎಂದೂ ನೋಡದ ಭಾರತಕ್ಕೆ ‘ಹಿಂದಿರುಗಿ’ ಬರಬೇಕಾಯಿತು. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರು ಕಡೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಕೆಲಸ ಮತ್ತು ಸಾಲುಮನೆ ಕೊಡಲಾಯಿತು. ಚಹಾ ಚಿಗುರು ಕೊಯ್ಯುತ್ತಿದ್ದ ಹೆಂಗಸರು ಇಲ್ಲಿ ಬಂದು ರಬ್ಬರು ಗೀರುವ ಕತ್ತಿ ಹಿಡಿಯಲು ಕಲಿತರು. ಅವರ ಮೊಮ್ಮಕ್ಕಳಲ್ಲಿ ಕೆಲವರು ನನ್ನ ಕ್ಲಾಸಿನಲ್ಲಿ ಕೂತಿದ್ದರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಒಬ್ಬ ಹುಡುಗಿ ಬೆಳಿಗ್ಗೆ ತಡವಾಗಿ ಬರುತ್ತಿದ್ದಳು. ಕಾರಣ ಕೇಳಿದರೆ, ಅಮ್ಮ ನಸುಕಿಗೇ ತೋಟಕ್ಕೆ ಹೋಗುತ್ತಾಳೆ, ತಮ್ಮನನ್ನು ತಯಾರು ಮಾಡಿ ಬರಬೇಕು ಎಂದಳು. ನಸುಕಿಗೇ ಏಕೆಂದರೆ ಬಿಸಿಲೇರುವ ಮೊದಲು ಮರದೊಳಗೆ ಒತ್ತಡ ಹೆಚ್ಚಿರುತ್ತದೆ, ಹಾಲು ಚೆನ್ನಾಗಿ ಇಳಿಯುತ್ತದೆ. ಬಿಸಿಲೇರಿದಂತೆ ಅದು ಕಡಿಮೆಯಾಗುತ್ತದೆ. ಗೀರು ತೀರ ಆಳಕ್ಕಿಳಿದರೆ ಮರಕ್ಕೆ ಗಾಯ, ಮೇಲೆಯೇ ನಿಂತರೆ ಹಾಲಿಲ್ಲ. ಅದನ್ನು ಕೈ ಮಾತ್ರ ಬಲ್ಲದು.

ಹಾಲಿಗೆ ಆಮ್ಲ ಬೆರೆಸಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಹಾಳೆ ಮಾಡಿ, ಹೊಗೆಗೂಡಿನಲ್ಲಿ ಒಣಗಿಸುತ್ತಾರೆ. ಈ ರಸ್ತೆಯಲ್ಲಿ ಕಾರಿನ ಗಾಜು ಇಳಿಸಿದರೆ ಆ ವಾಸನೆ ನಿಮಗೆ ತಪ್ಪದು. ಆದರೆ ಬರಿಯ ಹಾಳೆಯಿಂದ ಬುಷ್ ಆಗದು. ಕಚ್ಚಾ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕದವನು ಗಂಧಕ ಸೇರಿಸಿ ಕಾಯಿಸಿದರೆ ರಬ್ಬರು ತನ್ನ ಆಕಾರಕ್ಕೆ ಮರಳುವ ಗುಣ ಪಡೆಯುತ್ತದೆ ಎಂದು ಕಂಡುಕೊಂಡ. ಗಟ್ಟಿತನಕ್ಕಾಗಿ ಮಸಿಯ ಪುಡಿಯನ್ನು ಸೇರಿಸುತ್ತಾರೆ, ಅದರಿಂದಲೇ ಬುಷ್ ಕಪ್ಪು. ಕೃತಕ ರಬ್ಬರುಗಳು ಎಷ್ಟೋ ಬಂದಿದ್ದರೂ, ಸಾವಿರಾರು ಸಲ ತಿರುಚಿದರೂ ಬೇಗ ಹರಿಯದ ಗುಣಕ್ಕಾಗಿ ಸಸ್ಪೆನ್ಷನ್ ಬುಷ್‌ಗಳಿಗೆ ಮರದ ರಬ್ಬರನ್ನೇ ಇಂದಿಗೂ ಹೆಚ್ಚಾಗಿ ಬಳಸುತ್ತಾರೆ. ಅದಕ್ಕೆ ವೈರಿಗಳೆಂದರೆ ಎಣ್ಣೆ, ಶಾಖ, ಗಾಳಿಯ ಓಜೋನ್ ಮತ್ತು ವಯಸ್ಸು. ಎಂಜಿನ್ನಿನಿಂದ ಎಣ್ಣೆ ತೊಟ್ಟಿಕ್ಕಿ ಬುಷ್ ಮೇಲೆ ಬಿದ್ದರೆ ಅದು ಉಬ್ಬಿ ಮೆದುವಾಗುತ್ತದೆ. ನಮ್ಮ ಕಾರಿನಲ್ಲಿ ಆದದ್ದು ವಯಸ್ಸಿನ ಬಿರುಕು.

ಬಿಡಿಭಾಗ ತರಿಸಲು ಎರಡು ದಿನ ಹಿಡಿಯಿತು. ಮೇಸ್ತ್ರಿ ಮೊದಲೇ ಹೇಳಿದ್ದರು, “ಎರಡೂ ಕಡೆಯದನ್ನು ಬದಲಿಸುವ. ಎಡದ್ದು ಹೋಗಿದೆ, ಬಲದ್ದು ಹೋಗಲು ಸಾಲಲ್ಲಿ ನಿಂತಿದೆ.” ಬುಷ್‌ಗಳೆಲ್ಲ ಸೇರಿ ಆದ ಬೆಲೆ ಒಂದು ಜೊತೆ ಒಳ್ಳೆಯ ಚಪ್ಪಲಿಗಿಂತ ಕಡಿಮೆ. ಕೂಲಿಯೇ ಹೆಚ್ಚು, ಅದು ನ್ಯಾಯವೂ ಹೌದು. ಅಂಗಡಿಯಲ್ಲಿ ಅದರ ಅರ್ಧ ಬೆಲೆಗೆ ಹೆಸರಿಲ್ಲದ ಮಾಲೂ ಇತ್ತು. ಉಗುರಿನಿಂದ ಒತ್ತಿದರೆ ಗುರುತು ಉಳಿಯುವಂಥ ರಬ್ಬರು. ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಂಥ ಬುಷ್‌ಗಳನ್ನು ಕೆಲವು ಕಾರುಪ್ರಿಯ ಹುಡುಗರು ಹಾಕಿಸುತ್ತಾರೆ. ಬಾಳಿಕೆ ಹೆಚ್ಚು, ಆದರೆ ರಸ್ತೆಯ ಅದುರು ಹೆಚ್ಚಾಗಿ ಒಳಗೆ ಬರುತ್ತದೆ. ಮೊಣಕಾಲು ಸವೆದವರನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಅದು ಬೇಡವೆಂದು ಮೇಸ್ತ್ರಿಯ ಅಭಿಪ್ರಾಯ.

ಕೆಲಸ ನಡೆದ ದಿನ ಶನಿವಾರ, ಮಧ್ಯಾಹ್ನದ ನಂತರ ಶಾಲೆ ಇರಲಿಲ್ಲ. ನಾನು ಕೂತು ನೋಡಿದೆ. ಜಾಕ್ ಎತ್ತಿ, ಅಡಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು (ಜಾಕ್ ಒಂದನ್ನೇ ನಂಬಿ ಕಾರಿನಡಿಗೆ ತೂರುವವರನ್ನು ಅವರು ತಮ್ಮ ಗ್ಯಾರೇಜಿನಲ್ಲಿ ನಿಲ್ಲಿಸುವುದಿಲ್ಲ), ಚಕ್ರ ಕಳಚಿದರು. ಸ್ಟೆಬಿಲೈಸರ್ ಸರಳಿನ ತುದಿಯ ನಟ್ಟು, ಬಾಲ್ ಜಾಯಿಂಟಿನ ಬೋಲ್ಟು, ಕೊನೆಗೆ ತೋಳಿನ ಬುಡದ ಬೋಲ್ಟು. ಬುಡದ್ದು ತುಕ್ಕು ಹಿಡಿದು ಹಟ ಮಾಡಿತು. ಅದಕ್ಕೆ ತುಕ್ಕಿನ ಎಣ್ಣೆ ಬಿಟ್ಟು ಎಲ್ಲರೂ ಚಹಾ ಕುಡಿದು ಬಂದೆವು. ತೋಳು ಕೈಗೆ ಬಂದಾಗ ನೋಡಿದರೆ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ ಅಷ್ಟೆ. ಇಷ್ಟು ಸಣ್ಣ ಕಬ್ಬಿಣ ಅಷ್ಟು ಘಾಟಿಯ ತಿರುವುಗಳಲ್ಲಿ ಚಕ್ರವನ್ನು ಹಿಡಿದು ನಿಲ್ಲಿಸಿತ್ತೇ ಎಂದು ಸೋಜಿಗವಾಯಿತು.

ಹಳೆಯ ಬುಷ್ಷನ್ನು ಕೆಲವರು ಸುತ್ತಿಗೆಯಿಂದ ಹೊಡೆದು ತೆಗೆಯುತ್ತಾರೆ, ಬೆಂಕಿ ಹಚ್ಚಿ ಸುಡುವವರೂ ಇದ್ದಾರೆ. ಇವರು ಸ್ಕ್ರೂ ಪ್ರೆಸ್‌ನಲ್ಲಿ ಇಟ್ಟು ನಿಧಾನವಾಗಿ ತಳ್ಳಿ ತೆಗೆದರು. ಬಳೆಯ ಒಳಭಾಗವನ್ನು ತಂತಿಯ ಬ್ರಶ್ಶಿನಿಂದ ತಿಕ್ಕಿ, ಹೊಸ ಬುಷ್ಷಿಗೆ ಸಾಬೂನಿನ ನೀರು ಹಚ್ಚಿ ಒತ್ತಿದರು. “ಎಣ್ಣೆ ಹಚ್ಚಿದರೆ ಸುಲಭ ಅಲ್ಲವೇ?” ಎಂದು ಕೇಳಿದೆ. ಸುಲಭ, ಆದರೆ ರಬ್ಬರಿಗೆ ಅದೇ ವಿಷ ಎಂದರು. ಸಾಬೂನು ನೀರು ಒಣಗಿ ಹೋಗುತ್ತದೆ.

ಇನ್ನು ಒಂದು ವಿಷಯವನ್ನು ನೀವು ಬರೆದಿಟ್ಟುಕೊಳ್ಳಿ, ಏಕೆಂದರೆ ಅವಸರದ ಗ್ಯಾರೇಜುಗಳಲ್ಲಿ ತಪ್ಪುವುದು ಇಲ್ಲಿಯೇ. ಎಲ್ಲ ಜೋಡಿಸಿದ ಮೇಲೆ ತೋಳಿನ ಬುಡದ ಬೋಲ್ಟನ್ನು ಅವರು ಪೂರ್ತಿ ಬಿಗಿ ಮಾಡಲಿಲ್ಲ. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಗುಂಡಿಯ ಮೇಲೆ ತಂದು ನಿಲ್ಲಿಸಿ, ಮುಂಭಾಗವನ್ನು ಎರಡು ಮೂರು ಸಲ ಅಮುಕಿ ಬಿಟ್ಟು, ಆಮೇಲೆ ಅಡಿಗಿಳಿದು ಬಿಗಿ ಮಾಡಿದರು. ಕಾರಣ ಸರಳ. ಕಾರು ಜಾಕಿನ ಮೇಲಿರುವಾಗ ಚಕ್ರ ಜೋತು ಬಿದ್ದಿರುತ್ತದೆ, ತೋಳೂ ಕೆಳಗೆ ಬಾಗಿರುತ್ತದೆ. ಆಗಲೇ ಬೋಲ್ಟು ಬಿಗಿದರೆ ರಬ್ಬರಿಗೆ ಆ ಬಾಗಿದ ಸ್ಥಿತಿಯೇ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಸುಮ್ಮನೆ ಶೆಡ್ಡಿನಲ್ಲಿ ನಿಂತಾಗಲೂ. ಅಂಥ ಬುಷ್ ಬಹಳ ಬೇಗ ಹರಿಯುತ್ತದೆ. ಮತ್ತೆ ಮಾಲು ಸರಿಯಿಲ್ಲ ಎಂದು ಅಂಗಡಿಯವನನ್ನು ಬೈಯುತ್ತೇವೆ. ನೀವು ಕೆಲಸ ಮಾಡಿಸುವಾಗ “ಬೋಲ್ಟು ಯಾವಾಗ ಬಿಗಿ ಮಾಡುತ್ತೀರಿ?” ಎಂದು ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರದಿಂದಲೇ ಮೇಸ್ತ್ರಿ ಎಂಥವರೆಂದು ತಿಳಿಯುತ್ತದೆ.

ಮರುದಿನ ಪುತ್ತೂರಿನಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ತೋಳು ಬಿಚ್ಚಿ ಹಾಕಿದ ಮೇಲೆ ಅದನ್ನು ಪರೀಕ್ಷಿಸದಿದ್ದರೆ ಹೊಸ ಟಯರೂ ಹಳೆಯದರ ದಾರಿ ಹಿಡಿಯುತ್ತದೆ. ದಮ್ಮಾಮಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಅತ್ತಲಿಂದ ಸ್ವಲ್ಪ ಹೊತ್ತು ಮೌನ. ಬಳಿಕ, “ಇಷ್ಟು ನನಗೂ ಗೊತ್ತಿರಲಿಲ್ಲ” ಎಂದರು.

ಗುರುವಾರ ಬೆಳಿಗ್ಗೆ ಸುಬಹಿ ನಮಾಝ್ ಮುಗಿಸಿ ಹೊರಟೆವು. ಸುಳ್ಯ ಪೇಟೆ ದಾಟುವಾಗ ಇನ್ನೂ ಅಂಗಡಿಗಳು ತೆರೆದಿರಲಿಲ್ಲ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಈ ಸೀಮೆಯ ರೈತರು ಕಂಪೆನಿ ಸರಕಾರದ ವಿರುದ್ಧ ಎದ್ದು ಮಂಗಳೂರಿನವರೆಗೆ ನಡೆದು ಹೋಗಿ ಪಟ್ಟಣವನ್ನು ಕೆಲವು ದಿನ ಹಿಡಿದಿಟ್ಟುಕೊಂಡಿದ್ದರು. 1857ಕ್ಕೆ ಇಪ್ಪತ್ತು ವರ್ಷ ಮೊದಲು. ನಮ್ಮ ಶಾಲೆಯ ಮಕ್ಕಳಿಗೆ ದೂರದ ಮೀರತ್ತಿನ ಕತೆ ಗೊತ್ತು, ಮನೆಯ ಮುಂದಿನ ರಸ್ತೆಯ ಕತೆ ಗೊತ್ತಿಲ್ಲ. ಸುಳ್ಯದಿಂದ ಮುಂದೆ ಪಯಸ್ವಿನಿ ಹೊಳೆ ರಸ್ತೆಗೆ ಜೊತೆಯಾಗುತ್ತದೆ. ಪೆರಾಜೆಯಲ್ಲಿ ಕೊಡಗು ಜಿಲ್ಲೆ ಬಂತು ಎನ್ನುವಷ್ಟರಲ್ಲಿ ಅರಂತೋಡಿನಲ್ಲಿ ಮತ್ತೆ ದಕ್ಷಿಣ ಕನ್ನಡ. ಕಲ್ಲುಗುಂಡಿ ದಾಟಿ ಸಂಪಾಜೆಗೆ ಬಂದರೆ ಊರು ಎರಡು ಜಿಲ್ಲೆಗಳಿಗೂ ಹಂಚಿಹೋಗಿದೆ. ಉಮ್ಮನಿಗೆ ಈ ಗಡಿಗಳ ಲೆಕ್ಕ ತಮಾಷೆಯಾಗಿ ಕಂಡಿತು. “ಮಳೆ ಬಂದಾಗ ಯಾವ ಜಿಲ್ಲೆಯ ಮಣ್ಣು ಎಂದು ನೋಡಿ ಜರಿಯುತ್ತದಾ?” ಎಂದರು.

ಸಂಪಾಜೆಯಿಂದ ಮಡಿಕೇರಿಗೆ ಸುಮಾರು 28 ಕಿಲೋಮೀಟರು. ಅಷ್ಟರಲ್ಲಿ ರಸ್ತೆ ಸುಮಾರು ಒಂದು ಸಾವಿರ ಮೀಟರು ಮೇಲೇರುತ್ತದೆ. ಕೊಯನಾಡು ದಾಟಿದ ಮೇಲೆ ಎಡಬಲ ಎಡಬಲ ಎಂದು ತಿರುವುಗಳು. ಪ್ರತಿ ತಿರುವಿನಲ್ಲೂ ಕಾರಿನ ಭಾರ ಹೊರಬದಿಯ ಚಕ್ರದ ಮೇಲೆ ಬೀಳುತ್ತದೆ, ಆ ಸಣ್ಣ ತೋಳು ಅದನ್ನು ತಡೆಯುತ್ತದೆ. ಒಂದು ತಿರುವಿನಲ್ಲಿ ಕೆಳಗಿಳಿಯುತ್ತಿದ್ದ ಲಾರಿ ನಮ್ಮ ಕಡೆಗೆ ಅರ್ಧ ಬಂದಿತ್ತು. ಬ್ರೇಕ್ ಒತ್ತಿದೆ. ಸ್ಟೇರಿಂಗ್ ಎಡಕ್ಕೆ ಎಳೆಯಲಿಲ್ಲ, ನೇರವಾಗಿ ನಿಂತಿತು. ಎಡಕ್ಕೆ ಏನಿತ್ತೆಂದು ನಿಮಗೆ ಹೇಳಬೇಕಾಗಿಲ್ಲ. ತಡೆಗೋಡೆ ಇರಲಿಲ್ಲ, ಮೂರು ಬಿಳಿ ಕಲ್ಲುಗಳಿದ್ದವು, ಅದರಾಚೆ ಮಂಜು. ಉಮ್ಮ ಕಣ್ಣು ಮುಚ್ಚಿ ದಿಕ್ರ್ ಹೇಳುತ್ತಿದ್ದರು, ಲಾರಿಯನ್ನು ನೋಡಲೇ ಇಲ್ಲ.

ಜೋಡುಪಾಲದಲ್ಲಿ ಕಾರು ನಿಲ್ಲಿಸಲು ಹೇಳಿದರು. 2018ರ ಆಗಸ್ಟ್‌ನಲ್ಲಿ ಇಲ್ಲಿಂದ ಮದೆನಾಡು, ಮೊಣ್ಣಂಗೇರಿಯವರೆಗೆ ಬೆಟ್ಟಗಳು ಮರ, ಮನೆ, ತೋಟ ಸಮೇತ ಇಳಿದು ಬಂದವು. ಈ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಉಟ್ಟ ಬಟ್ಟೆಯಲ್ಲಿ ಕಾಡುದಾರಿ ಹಿಡಿದು ಇಳಿದು ಬಂದವರಿಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡು ಕಡೆ ಶಿಬಿರಗಳನ್ನು ತೆರೆದಿದ್ದರು. ಆಗ ಅಕ್ಕನ ಸುದ್ದಿಯಿಲ್ಲದೆ ನಾವು ಕಳೆದ ದಿನಗಳನ್ನು ವಿವರಿಸಲಾರೆ. ಈಗ ಆ ಗಾಯಗಳ ಮೇಲೆ ಹುಲ್ಲು ಬೆಳೆದಿದೆ. ಹುಲ್ಲು ಮಾತ್ರ. ಸುತ್ತಲಿನ ಕಪ್ಪು ಹಸಿರಿನ ನಡುವೆ ತಿಳಿ ಹಸಿರಿನ ಪಟ್ಟಿಗಳು ಮೇಲಿಂದ ಕೆಳಗಿನವರೆಗೆ. ಉಮ್ಮ ಗಾಜು ಇಳಿಸಿ ಬಹಳ ಹೊತ್ತು ನೋಡಿದರು. ನೀರು ಕೇಳಿದರು, ಕುಡಿದರು, ಹೊರಡು ಎಂದರು.

ಅಕ್ಕನ ಮನೆಗೆ ಹೋಗುವ ಕಚ್ಚಾ ರಸ್ತೆಯಲ್ಲಿ ಮೂರು ಕಡೆ ಕಲ್ಲು ಎದ್ದಿದೆ. ಮೊದಲ ಗೇರಿನಲ್ಲಿ ಇರುವೆಯಂತೆ ಹತ್ತಿದೆ. ಸದ್ದಿಲ್ಲ. ಅಕ್ಕ ಜಗಲಿಯಲ್ಲಿ ಕುರ್ಚಿ ಹಾಕಿ ಕಾಯುತ್ತಿದ್ದಳು. ತೆಳ್ಳಗಾಗಿದ್ದಳು. ತಾಯಿ ಮಗಳು ಮಾತಾಡಲಿ ಎಂದು ನಾನು ಅಡುಗೆ ಮನೆಗೆ ಹೋದೆ. ಉಮ್ಮ ಬಂದದ್ದು ಬರೀ ನೋಡಲಿಕ್ಕಲ್ಲ, ಅಕ್ಕನನ್ನು ಶಾಶ್ವತವಾಗಿ ಕೆಳಗೆ ಕರೆತರುವ ಉದ್ದೇಶ ಇತ್ತು. ಅಕ್ಕ ಒಪ್ಪಲಿಲ್ಲ. ಭಾವ ನೆಟ್ಟ ತೋಟ, ಭಾವನ ಕಬರ್ ಇರುವ ಊರು, ಉಳಿದ ಅರ್ಧವನ್ನೂ ನಾನೇ ಬಿಟ್ಟು ಬರಲೇ ಎಂದು ಕೇಳಿದಳು. ಮಳೆ ಸುರಿಯುವ ರಾತ್ರಿ ನಿನಗೆ ಉಸಿರು ಕಟ್ಟಿದರೆ ಯಾರು ಬರುತ್ತಾರೆ ಎಂದು ಉಮ್ಮ ಕೇಳಿದರು. ಇಬ್ಬರದೂ ಸರಿ. ನಾನು ನಡುವೆ ಬಾಯಿ ಹಾಕಲಿಲ್ಲ.

ಎರಡನೆಯ ದಿನ ರಾತ್ರಿ ಊಟದ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಕ್ಕ ಪುತ್ತೂರಿನಲ್ಲಿ ನಮ್ಮ ಜೊತೆ ಇರುವುದು, ಮಳೆ ಮುಗಿದ ಮೇಲೆ ಕಾಫಿ ಕೊಯ್ಲಿಗೆ ಅವಳನ್ನು ಮತ್ತೆ ಮೇಲೆ ಬಿಟ್ಟು ಬರುವುದು. ವೈದ್ಯರನ್ನು ಕೇಳಿದೆವು. ನಡುನಡುವೆ ನಿಲ್ಲಿಸಿಕೊಂಡು ನಿಧಾನವಾಗಿ ಕರೆದೊಯ್ದರೆ ವರ್ಷಕ್ಕೆ ಎರಡು ಸಲ ಪರವಾಗಿಲ್ಲ ಎಂದರು. ಚಾಲಕಿ ಯಾರೆಂದು ನನ್ನನ್ನು ಯಾರೂ ಕೇಳಲಿಲ್ಲ, ಅದು ನಿರ್ಧಾರವಾಗಿ ಹೋಗಿತ್ತು.

ಇಳಿಯುವಾಗ ಎರಡನೇ ಗೇರಿನಲ್ಲೇ ಬಂದೆ. ಘಾಟಿ ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟರೆ ಬ್ರೇಕೂ ಕಾಯುತ್ತದೆ, ಬುಷ್ಷಿಗೂ ಏಟು. ದಾರಿಯಲ್ಲಿ ಹಲಸಿನ ಮರದ ಕೆಳಗೆ ನಿಲ್ಲಿಸಿ, ಅಕ್ಕ ಕೊಟ್ಟ ಕಾಫಿಪುಡಿಯ ಒಂದು ಕಟ್ಟನ್ನು ಮೇಸ್ತ್ರಿಗೆ ಕೊಟ್ಟೆ. ಅವರು ಗುಂಡಿಗಿಳಿದು ಬೋಲ್ಟುಗಳನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಎಲ್ಲ ಸರಿಯಿದೆ ಎಂದರು. ಹಿಂದಿನ ಚಕ್ರದ ಬುಷ್‌ಗಳನ್ನು ಮೇ ತಿಂಗಳಲ್ಲಿ ನೋಡುವ, ಮಳೆಗೆ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ ಎಂದರು. ಮೇ ತಿಂಗಳ ಎರಡನೇ ಶನಿವಾರ ಎಂದು ಅವರ ಗೋಡೆಯ ಕ್ಯಾಲೆಂಡರಿನಲ್ಲಿ ನಾನೇ ಗುರುತು ಹಾಕಿ ಬಂದಿದ್ದೇನೆ.